ತಾರ್ ವೃಂದಾಬಾಯಿ ಮತ್ತು ಜರ್ಮನಿಯ ಜಲಾಂತರ್ಗಾಮಿ

ನಾನು ಗುತ್ತೆಪ್ಪ. ಯಾರನ್ನೂ ಸುಮ್ಮನೆ ನಂಬುವ ಮನುಷ್ಯನಲ್ಲ. ನಲವತ್ತು ವರ್ಷ ಸವಣೂರಿನ ಓಣಿ ಓಣಿ ತಿರುಗಿ ತಾರು, ಕಾಗದ ಮುಟ್ಟಿಸಿದವನು. ಸೈಕಲ್ ಗಂಟೆ ಬಾರಿಸಿದಾಗ ಬಾಗಿಲಿಗೆ ಬರುವ ಮುಖ ನೋಡಿಯೇ ಆ ಮನೆಯವರು ಏನು ಮುಚ್ಚಿಟ್ಟಿದ್ದಾರೆ ಅಂತ ಹೇಳಬಲ್ಲೆ ಎಂದು ತಿಳಿದುಕೊಂಡಿದ್ದೆ. ನನ್ನ ಹೆಂಡತಿ ವೀರವ್ವ, "ನಿಮ್ಮ ಕಣ್ಣಿಗೆ ಕಾಸಿ ಸೋಸಿದ ಹಾಲಿನ್ಯಾಗೂ ಹಲ್ಲಿ ಕಾಣ್ತೈತಿ" ಅನ್ನುತ್ತಾಳೆ. ಅನ್ನಲಿ. ಅವಳ ಅಣ್ಣತಮ್ಮಂದಿರನ್ನು ನಂಬಿ ಕೈ ಸುಟ್ಟುಕೊಂಡವನು ನಾನು, ಅವಳಲ್ಲ.

ಈಗ ಬರೆಯಲು ಕೂತಿರುವುದು ವೃಂದಾಬಾಯಿಯವರ ವಿಷಯ. ಊರಿನಲ್ಲಿ ಅವರಿಗೆ ತಾರ್ ವೃಂದಾಬಾಯಿ ಅಂತಲೇ ಹೆಸರು. ನಮ್ಮ ಟಪಾಲು ಕಚೇರಿಯಲ್ಲಿ ತಾರಿನ, ಅಂದರೆ ತಂತಿ ಸಂದೇಶದ, ಯಂತ್ರದ ಮುಂದೆ ಕೂರುತ್ತಿದ್ದವರು. ಆ ಯಂತ್ರದ ಕಟ್‌ಕಡ ಸದ್ದು ನಮಗೆಲ್ಲ ಸದ್ದು, ಅವರಿಗೆ ಮಾತು. ಬೆನ್ನು ತಿರುಗಿಸಿ ಚಹಾ ಕುಡಿಯುತ್ತಲೇ ಹುಬ್ಬಳ್ಳಿಯವರು ಏನು ಹೇಳುತ್ತಿದ್ದಾರೆ ಅಂತ ಬರೆದುಕೊಳ್ಳುತ್ತಿದ್ದರು. ಈಗ ಅವರಿಗೆ ಎಂಬತ್ತು ದಾಟಿದೆ. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂಬುದರಲ್ಲಿ ನನ್ನದೂ ಪಾಲಿದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಅವರ ಅಪ್ಪನ ಸುದ್ದಿ. ಸುಶೀಂದ್ರಾಚಾರ್ಯ ಅಂತ. ಮಠದ ಹತ್ತಿರದ ಮನೆತನ, ಪಾಠ ಪ್ರವಚನದ ಜನ. ಈ ಹುಡುಗ ಮಾತ್ರ ಯಲವಿಗಿ ರೈಲು ಸ್ಟೇಷನ್ನಿಗೆ ನಡೆದು ಹೋಗಿ, ಸ್ಟೇಷನ್ ಮಾಸ್ತರರ ಕೈಕಾಲು ಹಿಡಿದು ತಾರು ಕಲಿತ. ಅಲ್ಲಿಂದ ಮುಂಬಯಿಗೆ ಹೋಗಿ ಹಡಗಿನ ವೈರ್‌ಲೆಸ್ ಕಲಿತ. ಜಗತ್ತಿನಲ್ಲಿ ಎರಡನೇ ಯುದ್ಧ ನಡೆದಿತ್ತು, ಕಲಿತವರನ್ನು ಹಡಗಿನವರು ಕೈಬೀಸಿ ಕರೆಯುತ್ತಿದ್ದರು. ಇಂಗ್ಲಿಷ್ ಹೆಸರಿನ ಒಂದು ಸರಕಿನ ಹಡಗು ಹತ್ತಿದ. ಸಮುದ್ರ ದಾಟಬಾರದು ಅಂತ ಅವನ ಅಪ್ಪ, ಅಂದರೆ ವೃಂದಾಬಾಯಿಯವರ ಅಜ್ಜ, ಎಷ್ಟು ಹೇಳಿದರೂ ಕೇಳಲಿಲ್ಲ. ಹೆಂಡತಿ ತುಂಗಾಬಾಯಿ ಆಗ ಎರಡು ತಿಂಗಳ ಬಸುರಿ. ಅವನಿಗೆ ಇಪ್ಪತ್ನಾಲ್ಕು ವರ್ಷ.

ಸಾವಿರದ ಒಂಬೈನೂರಾ ನಲವತ್ನಾಲ್ಕರ ಮಾರ್ಚಿನಲ್ಲಿ ಹಡಗಿನ ಕಂಪನಿಯಿಂದ ಒಂದು ಕಾಗದ ಬಂತು. ನಮ್ಮ ಕಡೆ ಸಾವಿನ ಸುದ್ದಿಯ ಕಾಗದವನ್ನು ಮನೆಯೊಳಗೆ ಒಯ್ಯುವುದಿಲ್ಲ. ಹೊರಗೆ ನಿಂತು ಓದಿ, ಹರಿದು ಬಿಸಾಕಿ, ತಲೆಯ ಮೇಲೆ ನೀರು ಹಾಕಿಕೊಂಡೇ ಒಳಗೆ ಹೋಗಬೇಕು. ಅಜ್ಜ ಕಟ್ಟೆಯ ಮೇಲೆ ನಿಂತು ಓದಿದರು. ಹರಿದರು. ಆದರೆ ಸ್ನಾನ ಮಾಡಲಿಲ್ಲ. ಹಾಗೆಯೇ ಒಳಗೆ ಹೋಗಿ, "ಸುಶೀಂದ್ರನ ಹೆಸರ ಇನ್ನ ಈ ಮನ್ಯಾಗ ಎತ್ತಬ್ಯಾಡ್ರಿ" ಅಂದು ಜಪಕ್ಕೆ ಕೂತರು. ಇದನ್ನು ಓಣಿಯ ನಾಲ್ಕು ಮಂದಿ ಕಣ್ಣಾರೆ ನೋಡಿದರು.

ಸಂಶಯ ಹುಟ್ಟಿದ್ದು ಅಲ್ಲಿ. ಸತ್ತಿದ್ದರೆ ಸ್ನಾನ ಯಾಕೆ ಮಾಡಲಿಲ್ಲ? ಬದುಕಿದ್ದರೆ ಕಾಗದ ಯಾಕೆ ಹರಿದರು? ಕರ್ಮ ಮಾಡಲಿಲ್ಲ, ಶ್ರಾದ್ಧ ಮಾಡಲಿಲ್ಲ. ಅದು ಸಾಲದು ಅಂತ ಜೂನ್ ತಿಂಗಳಲ್ಲಿ ಸುಶೀಂದ್ರನದೇ ಕೈಬರಹದ ಒಂದು ಕಾಗದ ಬಂತು. ತಾರೀಖು, ಊರು ಇದ್ದ ಜಾಗವನ್ನು ಯುದ್ಧದ ತಪಾಸಣೆಯವರು ಕತ್ತರಿಯಿಂದ ಕತ್ತರಿಸಿ ತೆಗೆದಿದ್ದರು. ಸತ್ತವನು ಕಾಗದ ಬರೆಯುತ್ತಾನೇನು ಅಂತ ಊರಿಗೆ ಊರೇ ಮಾತಾಡಿತು. ಅಷ್ಟರಲ್ಲಿ ವೃಂದಾ ಹುಟ್ಟಿ ಎರಡು ತಿಂಗಳಾಗಿತ್ತು. ತುಂಗಾಬಾಯಿ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಮಾರ್ಚಿನಲ್ಲಿ ಹರಿದ ಕಾಗದದಲ್ಲಿ ಏನಿತ್ತು ಅಂತ ಮಾವನನ್ನು ಕೇಳಿದರೆ ಅವರು ಬಾಯಿ ಬಿಡಲಿಲ್ಲ, ಬಾಯಿ ಬಿಡದೆಯೇ ತೀರಿಕೊಂಡರು. ಗಂಡ ಮುಂಬಯಿಯಲ್ಲೋ ಕರಾಚಿಯಲ್ಲೋ ಇನ್ನೊಂದು ಸಂಸಾರ ಹೂಡಿದ್ದಾನೆ, ಇವಳಿಗೆ ಗೊತ್ತಿದ್ದೂ ಕುಂಕುಮ ಇಟ್ಟುಕೊಂಡು ತಿರುಗುತ್ತಾಳೆ ಎಂದು ಜನ ಆಡಿಕೊಂಡರು.

ಇನ್ನು ನನ್ನ ಪಾಲು. ಎಪ್ಪತ್ತರಲ್ಲಿ ನಾನು ಕೆಲಸಕ್ಕೆ ಸೇರಿದೆ. ವೃಂದಾಬಾಯಿ ಆಗಲೇ ಆರು ವರ್ಷದಿಂದ ತಾರಿನ ಮೇಜಿನಲ್ಲಿದ್ದರು. ಯಾರ ಕಾಗದದ ವಿಷಯವನ್ನೂ ಹೊರಗೆ ಬಿಡುವುದಿಲ್ಲ ಅಂತ ನಾವೆಲ್ಲ ಸಹಿ ಹಾಕಿ ಕೊಡಬೇಕಿತ್ತು, ನಾನೂ ಕೊಟ್ಟಿದ್ದೆ. ಹೆಚ್ಚುಕಡಿಮೆ ತಿಂಗಳಿಗೊಂದು ಸಲ ತುಂಗಾಬಾಯಿಯವರ ಹೆಸರಿಗೆ ಮುಂಬಯಿ ಮುದ್ರೆಯ ಒಂದು ಕಂದು ಲಕೋಟೆ ಬರುತ್ತಿತ್ತು. ಕಳಿಸಿದವರ ಹೆಸರಿಲ್ಲ. ವಿಳಾಸ ಇಂಗ್ಲಿಷಿನಲ್ಲಿ, ಗಂಡಸಿನ ಕೈಬರಹ, ಯಾವಾಗಲೂ ಒಂದೇ ಕೈ. ನಾನು ಬಿಸಿಲಿಗೆ ಹಿಡಿದು ನೋಡಿದೆ, ಏನೂ ಕಾಣಲಿಲ್ಲ. ಕಾಣದಿದ್ದದ್ದೇ ನನಗೆ ಸಾಕಾಯಿತು. ಹಜರತಅಲಿಯ ಖಾರಾದ ಅಂಗಡಿಯಲ್ಲಿ ಕೂತು, "ಸುಶೀಂದ್ರಾಚಾರ್ರು ಮುಂಬಯಿದಾಗ ಅದಾರ, ತಿಂಗಳಾ ತಿಂಗಳಾ ಬರೀತಾರ" ಅಂದೆ. ಒಮ್ಮೆಯಲ್ಲ, ಹತ್ತು ಸಲ ಅಂದೆ. ಖಾರಾ ತಿನ್ನುವ ಬಾಯಿಗೆ ಅಂಥ ಮಾತು ರುಚಿ.

ಎಪ್ಪತ್ತೆರಡರಲ್ಲಿ ಹಾನಗಲ್ಲಿನಿಂದ ವೃಂದಾಬಾಯಿಗೆ ಒಂದು ಸಂಬಂಧ ಬಂತು. ನೋಡಲು ಬಂದವರು ಬಸ್ಸಿಳಿದು ಹಜರತಅಲಿಯ ಅಂಗಡಿಯಲ್ಲಿ ಚಹಾ ಕುಡಿದರು. ಹುಡುಗನ ಸೋದರಮಾವ ನನ್ನ ಖಾಕಿ ಅಂಗಿ ನೋಡಿ, "ಹುಡುಗಿ ಅಪ್ಪ ತೀರಿಕೊಂಡಾರಂತ, ಖರೇ ಏನ್ರಿ?" ಅಂತ ಕೇಳಿದ. ನಾನು ನಕ್ಕೆ. "ತೀರಿಕೊಂಡವರ ಕಾಗದ ನಾ ಇನ್ನೂ ಹಂಚಾಕತ್ತೇನ್ರಿ" ಅಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅದೇ ಬಸ್ಸಿಗೆ ವಾಪಸು ಹೋದರು. ಆ ಮನೆಯಲ್ಲಿ ಸಂಜೆಯತನಕ ಕಾದಿದ್ದರು ಅಂತ ಆಮೇಲೆ ಕೇಳಿದೆ. ನನಗೆ ಆಗ ಇಪ್ಪತ್ತೊಂದು ವರ್ಷ. ನಾಚಿಕೆ ಆಯಿತು ಅಂತ ಈಗ ಬರೆದರೆ ಸುಳ್ಳಾಗುತ್ತದೆ. ಊರಿಗೆ ಒಳ್ಳೆಯದು ಮಾಡಿದೆ ಅಂತಲೇ ಎದೆ ಉಬ್ಬಿಸಿಕೊಂಡು ತಿರುಗಿದೆ.

ಒಂದು ಮಾತು ಮಾತ್ರ ನನಗೆ ಚುಚ್ಚುತ್ತಿತ್ತು. ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿದರೂ ವೃಂದಾಬಾಯಿ ನನ್ನನ್ನು ಮನೆಯ ಕಟ್ಟೆಯಿಂದಾಚೆ ಕರೆಯಲಿಲ್ಲ. ಮಡಿ ಜನ, ಇರಲಿ ಅಂದುಕೊಂಡೆ. ಆದರೆ ಹಜರತಅಲಿಯ ಮಗ ಬಿಲಾಲ ಅವರ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುವುದನ್ನು ನಾನೇ ನೋಡಿದ್ದೇನೆ. ಹಾಗಾದರೆ ಮಡಿಯಲ್ಲ. ಒಳಗೆ ಏನೋ ಇದೆ, ನನ್ನ ಕಣ್ಣಿಗೆ ಬೀಳಬಾರದ್ದು ಇದೆ ಅಂತ ಸಂಶಯಪಟ್ಟೆ. ತುಂಗಾಬಾಯಿ ಎಪ್ಪತ್ತೊಂಬತ್ತರಲ್ಲಿ ಕುಂಕುಮ ಇಟ್ಟುಕೊಂಡೇ ತೀರಿಕೊಂಡರು. ಮುಂಬಯಿಯ ಲಕೋಟೆಗಳೂ ನಿಂತವು. ನೋಡಿದಿರಾ, ಹೆಂಡತಿ ಸತ್ತಳು, ಗಂಡ ಬರೆಯುವುದು ಬಿಟ್ಟ ಅಂತ ಅದನ್ನೂ ಅಂಗಡಿಯಲ್ಲಿ ಹೇಳಿದೆ.

ಹೋದ ಡಿಸೆಂಬರಿನಲ್ಲಿ ವೃಂದಾಬಾಯಿಯವರ ಫೋನ್ ಬಂತು.

"ಗುತ್ತೆಪ್ಪ, ಪ್ರಾಣೇಶ ಏನೋ ಕಾಗದ ತಂದಾನ. ಖರೇನೋ ಖೊಟ್ಟಿನೋ ನನಗ ತಿಳೀವಲ್ದು. ನಿಮಗ ಯಾರ ಮ್ಯಾಲೂ ನಂಬಿಗಿ ಇಲ್ಲ. ಅದಕ್ಕ ನಿಮ್ಮನ್ನ ಕರೀಲಿಕ್ಕತ್ತೀನಿ, ಬರ್ರಿ."

ಪ್ರಾಣೇಶ ಅಂದರೆ ಸುಶೀಂದ್ರಾಚಾರ್ಯರ ತಮ್ಮನ ಮೊಮ್ಮಗ. ಶಿಗ್ಗಾವಿಯ ಒಂದು ಕಾಲೇಜಿನಲ್ಲಿ ಲೆಕ್ಕ ಕಲಿಸುತ್ತಾನೆ, ಪಂಚಾಂಗವನ್ನೂ ಬಲ್ಲವನು. ವೃಂದಾಬಾಯಿಗೆ ಹಿಂದೆ ಮುಂದೆ ಯಾರೂ ಇಲ್ಲ, ಮನೆ ಅವರ ಹೆಸರಿನಲ್ಲಿದೆ. ಇವನು ವರ್ಷದಿಂದ ಮೇಲಿಂದ ಮೇಲೆ ಬರುತ್ತಿದ್ದ. ಅವನ ಕಣ್ಣು ಮನೆಯ ಮೇಲೆ ಇದೆ ಅಂತ ನಾನು ಮನಸ್ಸಿನಲ್ಲೇ ಗಂಟು ಹಾಕಿಟ್ಟಿದ್ದೆ. ಮೈ ಕೈ ತೊಳೆದುಕೊಂಡು ಹೊರಟೆ.

ಅವತ್ತೂ ಕಟ್ಟೆಯ ಮೇಲೆಯೇ ಕೂರಿಸಿದರು. ಪ್ರಾಣೇಶ ಒಂದು ಕಡತ ಬಿಚ್ಚಿ ಕಾಗದ ಹರವಿದ. ಜರ್ಮನ್ ಭಾಷೆಯಲ್ಲಿ ಟೈಪು ಮಾಡಿದ ಹಳೆಯ ಹಾಳೆಗಳ ನಕಲು.

"ಅತ್ಯಾ, ದೊಡ್ಡಜ್ಜನ ಹಡಗ ಮುಳುಗಿಸಿದ್ದು ಜರ್ಮನಿಯ ಒಂದು ಜಲಾಂತರ್ಗಾಮಿ. ಅದರ ಪೂರಾ ಚರಿತ್ರಾ ಸಿಕ್ಕದ. ಇದು ಅದರ ಕ್ಯಾಪ್ಟನ್ ಬರದ ದಿನಚರಿ."

ಆ ಜಲಾಂತರ್ಗಾಮಿಗೆ ಹೆಸರಿಲ್ಲ, ಒಂದು ಅಕ್ಷರ ಮತ್ತು ಅಂಕಿಗಳು. ಆ ಅಂಕಿ ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ವೃಂದಾಬಾಯಿಯೂ ಅದನ್ನು ಬಾಯಿಂದ ಆಡಲಿಲ್ಲ, ಕಡೆಯತನಕ "ಅದು" ಅಂತಲೇ ಅಂದರು.

ಪ್ರಾಣೇಶ ಅದರ ಜಾತಕವನ್ನೇ ಬಿಡಿಸಿಟ್ಟ. ನಲವತ್ತೆರಡರಲ್ಲಿ ಉತ್ತರ ಜರ್ಮನಿಯ ಒಂದು ಬಂದರಿನಲ್ಲಿ ಕಟ್ಟಿದರಂತೆ. ಆರು ತಿಂಗಳು ತಣ್ಣನೆ ಸಮುದ್ರದಲ್ಲಿ ತಾಲೀಮು. ಮೊದಲನೇ ಸವಾರಿ ಅಟ್ಲಾಂಟಿಕ್ಕಿಗೆ, ಒಂದು ಹಡಗೂ ಸಿಗದೆ ಬರಿಗೈಯಲ್ಲಿ ವಾಪಸು. ಎರಡನೇ ಸವಾರಿಗೆ ಆಫ್ರಿಕಾವನ್ನು ಸುತ್ತು ಹಾಕಿ ನಮ್ಮ ಕಡೆಯ ಸಮುದ್ರಕ್ಕೆ ಕಳಿಸಿದರು. ಐವತ್ತು ಮಂದಿಗೆ ಮಲಗಲು ಇಪ್ಪತ್ತೈದು ಹಾಸಿಗೆ, ಪಾಳಿಯ ಮೇಲೆ ಮಲಗಬೇಕು. ಸೆಕೆಗೆ ಎಲ್ಲರಿಗೂ ಮೈತುಂಬ ಬೆವರುಸಾಲೆ ಎದ್ದಿತ್ತಂತೆ, ಅದನ್ನೂ ಕ್ಯಾಪ್ಟನ್ ಬರೆದಿದ್ದಾನೆ. ಅವನಿಗೆ ಇಪ್ಪತ್ತೆಂಟು ವರ್ಷ. ಅರಬ್ಬೀ ಸಮುದ್ರದಲ್ಲಿ ನಾಲ್ಕು ಹಡಗು ಮುಳುಗಿಸಿದರು, ನಾಲ್ಕನೆಯದು ಸುಶೀಂದ್ರಾಚಾರ್ಯರದು. ಆಮೇಲೆ ಜಪಾನಿಯರ ಕೈಯಲ್ಲಿದ್ದ ಪೆನಾಂಗ್ ಬಂದರಿಗೆ ಹೋಗಿ ರಿಪೇರಿಗೆ ನಿಂತರು. ದಿನಚರಿಯ ಒಂದು ಪ್ರತಿ ಬೇರೆ ಜಲಾಂತರ್ಗಾಮಿಯಲ್ಲಿ ಜರ್ಮನಿಗೆ ಹೋಯಿತು, ಹಾಗಾಗಿ ಉಳಿಯಿತು. ಆ ವರ್ಷದ ಕೊನೆಗೆ ಪೆನಾಂಗಿನಿಂದ ಹೊರಟಾಗ ವಿಮಾನವೊಂದು ಬಾಂಬು ಹಾಕಿ ಮುಳುಗಿಸಿತು. ಐವತ್ತೂ ಚಿಲ್ಲರೆ ಜನರಲ್ಲಿ ಒಬ್ಬನೂ ಉಳಿಯಲಿಲ್ಲ.

ವೃಂದಾಬಾಯಿ, "ಅವರ ಮನಿಗೂ ಕಾಗದ ಹೋಗಿರಬೇಕು" ಅಂದರು.

ನನಗೆ ಮಾತ್ರ ಆ ಕಡತದ ಮೇಲೆ ನಂಬಿಕೆ ಬರಲಿಲ್ಲ. "ಜರ್ಮನ್ ನಿಮಗ ಬರ್ತೈತೇನ್ರಿ ಮಾಸ್ತರ?" ಅಂದೆ. ಫೋನಿನಲ್ಲಿ ಭಾಷಾಂತರ ಮಾಡಿಸಿ ಪ್ರತಿ ಹಾಳೆಯ ಹಿಂದೆ ಕನ್ನಡದಲ್ಲಿ ಬರೆದಿಟ್ಟಿದ್ದೇನೆ ಅಂದ. "ಫೋನ್ ಹೇಳಿದ್ದೆಲ್ಲಾ ಖರೇ ಆಗಿದ್ರ ನನಗ ದಿನಾ ಲಾಟ್ರಿ ಹತ್ತಬೇಕಾಗಿತ್ತು" ಅಂದೆ. ಪ್ರಾಣೇಶ ಮುಖ ಗಂಟು ಹಾಕಿಕೊಂಡ.

"ಇದರಿಂದ ನಿಮಗೇನ ಆಗಬೇಕಾಗೇತಿ ಅದನ್ನರ ಹೇಳ್ರಿ" ಅಂತ ನೇರ ಕೇಳಿಯೇಬಿಟ್ಟೆ.

"ನನಗ ತಿಥಿ ಬೇಕ್ರಿ" ಅಂದ ಅವನು. "ನಮ್ಮಜ್ಜ ಸಾಯೂ ಮುಂದ ಅಣ್ಣನ ಹೆಸರ ಹೇಳಿ ಅತ್ತ. ಎಂಬತ್ತ ವರ್ಷ ಅವರಿಗೆ ಒಂದ ಹಿಡಿ ಎಳ್ಳು ನೀರು ಸಿಕ್ಕಿಲ್ಲ. ಸತ್ತದ್ದು ಖರೇ ಅಂದ್ರ ಯಾವತ್ತ ಸತ್ರು ಅಂತ ಬೇಕಲ್ಲ?"

"ನನಗೂ ಅದ ಬೇಕು" ಅಂದರು ವೃಂದಾಬಾಯಿ. "ನಮ್ಮಪ್ಪ ಸತ್ತರೋ, ನಮ್ಮವ್ವನ್ನ ಬಿಟ್ಟು ಹೋದರೋ. ಇಷ್ಟು ತಿಳದರ ನಾ ಕಣ್ಣ ಮುಚ್ಚತೀನಿ."

ಅವರು ಎದ್ದು ಒಳಗಿನಿಂದ ಒಂದು ತಗಡಿನ ಪೆಟ್ಟಿಗೆ ತಂದರು. ಮುಚ್ಚಳ ತೆಗೆದಾಗ ನಾನು ಬಗ್ಗಿ ನೋಡಿದೆ. ನಾನು ಹಂಚಿದ ಕಂದು ಲಕೋಟೆಗಳು. ಸಾಲಾಗಿ, ವರ್ಷವಾರು ದಾರ ಕಟ್ಟಿ ಇಟ್ಟಿದ್ದಾರೆ. ಕಟ್ಟೆಯ ಮೇಲೆ ಒಂದನ್ನು ಬಿಚ್ಚಿ ಓದಿದರು. ಮುಂಬಯಿಯ ನಾವಿಕರ ಸಂಘವೊಂದರ ಗುಮಾಸ್ತ ಬರೆದದ್ದು. ನಿಮ್ಮ ಗಂಡನ ಬಗ್ಗೆ ಹೊಸ ಮಾಹಿತಿ ಏನೂ ಬಂದಿಲ್ಲ. ಅಷ್ಟೇ. ಇನ್ನೊಂದರಲ್ಲೂ ಅದೇ. ಎಲ್ಲದರಲ್ಲೂ ಅದೇ. ತುಂಗಾಬಾಯಿ ಮೂವತ್ಮೂರು ವರ್ಷ ತಿಂಗಳಿಗೊಮ್ಮೆ ಬರೆದು ಕೇಳಿದ್ದರು, ಆ ಪುಣ್ಯಾತ್ಮ ಮೂವತ್ಮೂರು ವರ್ಷ ಬೇಸರವಿಲ್ಲದೆ ಉತ್ತರ ಬರೆದಿದ್ದ.

ನಾನು ತಲೆ ಎತ್ತಲಿಲ್ಲ. ವೃಂದಾಬಾಯಿ ನನ್ನ ಕಡೆ ನೋಡಿದರೋ ಇಲ್ಲವೋ ಗೊತ್ತಿಲ್ಲ.

ಅವರು ಹುಡುಕುತ್ತಿದ್ದದ್ದು ಎಲ್ಲಕ್ಕಿಂತ ಹಳೆಯ ಕಾಗದವನ್ನು, ನಲವತ್ತಾರರದು. ಅದೊಂದರಲ್ಲಿ ಮಾತ್ರ ಸ್ವಲ್ಪ ಸುದ್ದಿಯಿತ್ತು. ಆ ಹಡಗಿನಿಂದ ಅಪಾಯದ ಸಂದೇಶ ಬಂದದ್ದು ಫೆಬ್ರುವರಿ ಆರನೇ ತಾರೀಖು, ಭಾರತದ ವೇಳೆ ಬೆಳಗಿನ ಜಾವ ಎರಡು ನಲವತ್ತೇಳಕ್ಕೆ. ಕರಾವಳಿಯ ಕೇಂದ್ರ ಅದನ್ನು ಮೂರು ಗಂಟೆ ನಾಲ್ಕು ನಿಮಿಷದ ತನಕ ಕೇಳಿತ್ತು. ಆಮೇಲೆ ಏನೂ ಇಲ್ಲ. ಜನರೂ ಸಿಗಲಿಲ್ಲ.

ಪ್ರಾಣೇಶ ತನ್ನ ಜರ್ಮನ್ ಹಾಳೆ ತಿರುವಿ ಬೆರಳಿಟ್ಟ. "ಇಲ್ಲಿ ಐದನೇ ತಾರೀಖು ಅಂತ ಅದ. ರಾತ್ರಿ ಒಂಬತ್ತ ಹತ್ತಕ್ಕ ಹೊಡದರು. ಒಂಬತ್ತ ಮೂವತ್ನಾಲ್ಕಕ್ಕ ಹಡಗ ಎರಡ ತುಂಡಾತು."

ನಾನು ಕಾದಿದ್ದೇ ಇಂಥದಕ್ಕೆ. "ಐದಕ್ಕ ಮುಳುಗಿದ ಹಡಗ ಆರಕ್ಕ ಮಾತಾಡ್ತೈತೇನ್ರಿ?" ಅಂದೆ. "ಎರಡರಾಗ ಒಂದ ಖೊಟ್ಟಿ."

ಪ್ರಾಣೇಶ ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದ. ಹೇಳಲೋ ಬೇಡವೋ ಅಂತ ತಡವರಿಸಿ ಹೇಳಿದ. "ಖೊಟ್ಟಿ ಇರಲಿಕ್ಕಿಲ್ಲ. ಮುಳುಗಿದ ಹಡಗಿನ ವೈರ್‌ಲೆಸ್ ಮನಷ್ಯಾನ್ನ ಅವರು ಸೆರೆ ಹಿಡಿದಿದ್ರ... ಅವನ ಕೈಲೆ ಸಂದೇಶ ಕಳಸಿದ್ರ... ಸಹಾಯಕ್ಕ ಬರೂ ಹಡಗನ್ನೂ ಹೊಡೀಬಹುದಲ್ಲ."

ಅಂದರೆ ಸುಶೀಂದ್ರಾಚಾರ್ಯ ಬದುಕಿದ್ದ. ಶತ್ರುವಿನ ಜಲಾಂತರ್ಗಾಮಿಯಲ್ಲಿ ಕೂತು, ತನ್ನವರನ್ನು ಸಾಯಲು ಕರೆಯುತ್ತಿದ್ದ. ಊರು ಎಂಬತ್ತು ವರ್ಷ ಕಟ್ಟಿದ ಕತೆಗಿಂತ ಇದು ಕೆಟ್ಟದ್ದು. ನನ್ನ ಸಂಶಯದ ಬುದ್ಧಿಗೂ ಅಷ್ಟು ದೂರ ಹೋಗುವ ಧೈರ್ಯ ಇರಲಿಲ್ಲ.

ವೃಂದಾಬಾಯಿ ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿದರು. "ಇವು ಇಲ್ಲೇ ಇರ್ಲಿ. ನೀವಿಬ್ರೂ ಹೋಗಿ ಬರ್ರಿ" ಅಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮೂರು ದಿನ ನನಗೆ ಊಟ ಸೇರಲಿಲ್ಲ. ಮೊದಲನೇ ದಿನ ಪ್ರಾಣೇಶನ ಮೇಲೆ ಸಿಟ್ಟು, ಎರಡನೇ ದಿನ ಜರ್ಮನಿಯ ಮೇಲೆ. ಮೂರನೇ ದಿನಕ್ಕೆ ಬೈಯಲು ಬೇರೆ ಯಾರೂ ಉಳಿಯಲಿಲ್ಲ. ಆ ಲಕೋಟೆಗಳೇ ಕಣ್ಣ ಮುಂದೆ ಬರುತ್ತಿದ್ದವು. ಒಳಗೆ ಏನಿದೆ ಅಂತ ಒಂದು ಸಲ ಅವರನ್ನೇ ಕೇಳಿದ್ದರೆ ಮುಗಿದು ಹೋಗುತ್ತಿತ್ತು. ದಿನಾ ಎದುರಿನ ಮೇಜಿನಲ್ಲೇ ಕೂತಿರುತ್ತಿದ್ದರು. ಕೇಳಲಿಲ್ಲ. ಸಂಶಯಪಡುವವನಿಗೆ ಕೇಳುವುದು ಬೇಕಾಗಿರುವುದಿಲ್ಲ, ತಿಳಿದುಬಿಟ್ಟರೆ ಸಂಶಯ ಹೋಗುತ್ತದಲ್ಲ.

ನಾಲ್ಕನೇ ದಿನ ಮುಂಜಾನೆ ಇಬ್ಬರಿಗೂ ಕರೆ ಬಂತು. ವೃಂದಾಬಾಯಿಯವರ ಕಣ್ಣು ಕೆಂಪಾಗಿದ್ದವು, ಕೈಯಲ್ಲಿ ಸೀಸದಕಡ್ಡಿ ಇತ್ತು. ಕಟ್ಟೆಯ ಮೇಲೆ ನಾವು ಕೂರುವ ಮೊದಲೇ ಶುರುಮಾಡಿದರು.

"ಗುತ್ತೆಪ್ಪ, ನಮ್ಮ ಆಫೀಸಿನಾಗ ಗಡಿಯಾರ ಹೆಂಗ ಕೂಡಸ್ತಿದ್ವಿ?"

"ದಿನಾ ನಾಕ ಗಂಟೆಕ್ಕ ತಾರಿನ ಮ್ಯಾಲೆ ವ್ಯಾಳೇದ ಗುರ್ತು ಬರ್ತಿತ್ತಲ್ರಿ, ಅದಕ್ಕ ಸರಿಮಾಡತಿದ್ವಿ. ದೇಶಕ್ಕೆಲ್ಲಾ ಒಂದ ವ್ಯಾಳೆ."

"ಹಂಗಾಗಿ ಎಲ್ಲಾರ ಗಡಿಯಾರಾನೂ ಒಂದ ಅಂತ ನಮ್ಮ ತಲ್ಯಾಗ ಕೂತುಬಿಟ್ಟದ. ತಾರಿನವರು ಮಾಡೂ ತಪ್ಪು ಇದು. ಅದು, ಜರ್ಮನಿಯವರದು, ಯಾವ ಸಮುದ್ರದಾಗಿದ್ರೂ ಅದರ ಗಡಿಯಾರ ಬರ್ಲಿನ್ನಿನ ಗಡಿಯಾರ. ದಿನಚರಿಯ ಮೊದಲನೇ ಹಾಳ್ಯಾಗ ಬರದಾರ. ಪ್ರಾಣೇಶ, ನೀನು ಲೆಕ್ಕದ ಮಾಸ್ತರ, ನೀನೂ ನೋಡ್ಲಿಲ್ಲ."

ಪ್ರಾಣೇಶ ಬೆರಳಿನಲ್ಲಿ ಎಣಿಸಿದ. "ಬರ್ಲಿನ್ನಿಗೂ ನಮಗೂ ನಾಲ್ಕೂವರೆ ತಾಸು. ಒಂಬತ್ತ ಹತ್ತು ಅಂದ್ರ ನಮ್ಮ ರಾತ್ರಿ ಒಂದು ನಲವತ್ತು. ತಾರೀಖೇನೋ ಆರು ಬಂತು, ಅತ್ಯಾ. ಆದರೂ ಒಂದು ತಾಸು ಕೂಡವಲ್ದು."

"ನಾನೂ ಎರಡ ದಿನ ಅಲ್ಲೇ ನಿಂತಿದ್ದೆ" ಅಂದು ಅವರು ಹಳದಿಯಾದ ಇನ್ನೊಂದು ಕಾಗದ ಮುಂದೆ ಚಾಚಿದರು. ಅವರದೇ ಜಾತಕ, ಅಜ್ಜನ ಕೈಬರಹ. ಹುಟ್ಟಿದ ವೇಳೆ ಎರಡು ಸಲ ಬರೆದಿತ್ತು. ಹಳೇ ವೇಳೆ ಆರೂಕಾಲು, ಹೊಸ ವೇಳೆ ಏಳೂಕಾಲು. "ಯುದ್ಧ ಅಂತ ಸರಕಾರ ಆಗ ಎಲ್ಲಾರ ಗಡಿಯಾರ ಒಂದು ತಾಸು ಮುಂದ ತಿರುಗಿಸಿತ್ತು. ನಮ್ಮವ್ವ ಹೇಳತಿದ್ದಳು, ನನಗ ನೆನಪ ಹಾರಿತ್ತು. ನಾಲ್ಕೂವರೆ ಅಲ್ಲ, ಐದೂವರೆ ತಾಸು."

ಸೀಸದಕಡ್ಡಿಯಲ್ಲಿ ಬರೆದ ಲೆಕ್ಕವನ್ನು ನಮ್ಮ ಕಡೆ ತಿರುಗಿಸಿದರು. ದಿನಚರಿಯ ಪ್ರಕಾರ ಮೊದಲನೇ ಹೊಡೆತ ಒಂಬತ್ತು ಹತ್ತಕ್ಕೆ. ನಮ್ಮ ಎರಡು ನಲವತ್ತು. ಹಡಗಿನಿಂದ ಎರಡು ದೋಣಿ ಇಳಿದವು, ವೈರ್‌ಲೆಸ್ ಶುರುವಾಯಿತು ಅಂತ ಕ್ಯಾಪ್ಟನ್ ಬರೆದದ್ದು ಒಂಬತ್ತು ಹದಿನೇಳಕ್ಕೆ. ನಮ್ಮ ಎರಡು ನಲವತ್ತೇಳು. ಕರಾವಳಿಯ ಕೇಂದ್ರಕ್ಕೆ ಮೊದಲ ಸಂದೇಶ ಕೇಳಿಸಿದ್ದೂ ಎರಡು ನಲವತ್ತೇಳಕ್ಕೆ. ಎರಡನೇ ಹೊಡೆತ ಒಂಬತ್ತು ಮೂವತ್ನಾಲ್ಕಕ್ಕೆ. ನಮ್ಮ ಮೂರು ನಾಲ್ಕು. ಕೇಂದ್ರದವರಿಗೆ ಸಂದೇಶ ನಿಂತದ್ದೂ ಮೂರು ನಾಲ್ಕಕ್ಕೆ. ಒಂದು ನಿಮಿಷವೂ ಆಚೀಚೆ ಇಲ್ಲ. ಜರ್ಮನಿಯವನು ಬರೆದದ್ದನ್ನು ಮುಂಬಯಿಯ ಗುಮಾಸ್ತ ನೋಡಿಲ್ಲ, ಗುಮಾಸ್ತ ಬರೆದದ್ದನ್ನು ಜರ್ಮನಿಯವನು ನೋಡಿಲ್ಲ. ಇಬ್ಬರೂ ಕೂಡಿ ಸುಳ್ಳು ಹೇಳಲು ಸಾಧ್ಯವಿಲ್ಲ. ನಾನು ಎಲ್ಲ ಕಡೆಯಿಂದಲೂ ತಿರುವಿ ನೋಡಿದೆ, ಸಂಶಯ ಹಾಕಲು ಜಾಗ ಸಿಗಲಿಲ್ಲ.

"ಹಂಗಾದ್ರ ದೊಡ್ಡಜ್ಜನ್ನ ಸೆರೆ ಹಿಡಿದಿಲ್ಲ" ಅಂದ ಪ್ರಾಣೇಶ.

"ಇಲ್ಲ. ಮೊದಲನೇ ಏಳು ನಿಮಿಷ ಕರೆಂಟ್ ಹೋಗಿರತದ, ಬ್ಯಾಟರಿ ಕೂಡಸ್ಲಿಕ್ಕೆ ಅಷ್ಟ ಬೇಕು. ಆ ಏಳು ನಿಮಿಷದಾಗ ಬಾಕಿ ಮಂದಿ ದೋಣಿ ಇಳಿಸ್ಯಾರ. ಅಪ್ಪನೂ ಇಳೀಬಹುದಿತ್ತು." ವೃಂದಾಬಾಯಿ ದಿನಚರಿಯ ಒಂದು ಸಾಲಿನ ಕೆಳಗೆ ಗೆರೆ ಎಳೆದಿದ್ದರು. ಅದನ್ನು ಪ್ರಾಣೇಶ ಓದಿದ. ತೋಪಿನಿಂದ ಮೇಲಿನ ಕೋಣೆಗೆ ಗುಂಡು ಹಾರಿಸಿದೆವು, ಆದರೂ ವೈರ್‌ಲೆಸ್ ನಿಲ್ಲಲಿಲ್ಲ, ಎರಡನೇ ಬಾರಿ ಹೊಡೆಯಬೇಕಾಯಿತು ಎಂದು ಬರೆದಿತ್ತು.

"ಹದಿನೇಳು ನಿಮಿಷ" ಅಂದರು ಅವರು. "ನಾನೂ ನಲವತ್ತು ವರ್ಷ ತಾರಿನ ಕೀಲಿ ಮ್ಯಾಲೆ ಕೈ ಇಟ್ಟಾಕಿ. ಹದಿನೇಳು ನಿಮಿಷ ಅಂದ್ರ ಎಷ್ಟು ಉದ್ದ ಅಂತ ನನಗ ಗೊತ್ತದ." ಅಷ್ಟು ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ರಸ್ತೆಯ ಕಡೆ ನೋಡುತ್ತ ಕೂತೆ.

ಆಮೇಲೆ ಅವರೇ ಕಣ್ಣೊರೆಸಿಕೊಂಡು ಅಜ್ಜನ ಮಾತು ತೆಗೆದರು. "ಪತ್ತೆ ಇಲ್ಲ, ಸತ್ತಿರಬಹುದು ಅಂತ ಕಂಪನಿಯವರು ಬರದಿರಬೇಕು. ಅದಕ್ಕ ಅಜ್ಜ ಅರ್ಧಾ ಮಾಡಿದರು. ಹರದರು, ಸ್ನಾನಾ ಮಾಡ್ಲಿಲ್ಲ. ಆ ಕಾಗದ ಇಟ್ಟಿದ್ರ ನಮ್ಮವ್ವ ಅಷ್ಟು ಮಾತು ಕೇಳತಿರಲಿಲ್ಲ. ಜೂನಿನಾಗ ಬಂದ ಅಪ್ಪನ ಕಾಗದ ಹಡಗ ಮುಳುಗೂ ಮೊದಲ ಬರದದ್ದು, ತಪಾಸಣ್ಯಾಗ ಸಿಕ್ಕು ತಡಾ ಆತು."

ಪ್ರಾಣೇಶ ಪಂಚಾಂಗ ಹಾಕಿ ನೋಡಿದ. ಐದನೇ ತಾರೀಖು ಏಕಾದಶಿ, ಮಧ್ಯಾಹ್ನದ ಮೇಲೆ ದ್ವಾದಶಿ ಹತ್ತಿತ್ತು. ಪ್ರಾಣ ಹೋದದ್ದು ಮಾಘ ಶುದ್ಧ ದ್ವಾದಶಿಯಲ್ಲಿ. ಮುಂದಿನ ಮಾಘಕ್ಕೆ ತಾನೇ ಶ್ರಾದ್ಧ ಮಾಡುತ್ತೇನೆ ಅಂದ. ಹೇಳಿದಂತೆಯೇ ಮಾಡಿದ. ಮನೆಯ ಮಾತು ಅವನು ಇವತ್ತಿನವರೆಗೂ ಎತ್ತಿಲ್ಲ, ಅದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಶ್ರಾದ್ಧದ ಮರುದಿನ ವೃಂದಾಬಾಯಿ ನನ್ನನ್ನು ಮತ್ತೆ ಕರೆದರು. ನಿವೃತ್ತಿಯ ದಿನ ಕಚೇರಿಯಿಂದ ತಂದಿಟ್ಟುಕೊಂಡಿದ್ದ ಖಾಲಿ ತಾರಿನ ಫಾರ್ಮಿನ ಮೇಲೆ ಬರೆದ ಒಂದು ತಾರನ್ನು ಕೈಗೆ ಕೊಟ್ಟರು. ವಿಳಾಸದ ಜಾಗದಲ್ಲಿ ತುಂಗಾಬಾಯಿ, ಸವಣೂರು ಅಂತಿತ್ತು. ಹೆಸರಿನ ಮೊದಲು ಸೌಭಾಗ್ಯವತಿ ಅಂತಲೂ ಇಲ್ಲ, ಬೇರೆ ಏನೂ ಇಲ್ಲ. ಕೆಳಗೆ ಮೂರು ಸಾಲು: ಸುಶೀಂದ್ರ ಸಮುದ್ರದಲ್ಲಿ ತೀರಿಕೊಂಡರು. ಆರು ಫೆಬ್ರುವರಿ ನಲವತ್ನಾಲ್ಕು, ಮೂರು ಗಂಟೆ ನಾಲ್ಕು ನಿಮಿಷ. ಕಡೆಯತನಕ ಕೆಲಸದ ಮೇಲಿದ್ದರು.

"ಇದನ್ನ ಹಜರತಅಲಿ ಅಂಗಡ್ಯಾಗ ನಿಂತು ಜೋರಾಗಿ ಓದಿ ಬರ್ರಿ" ಅಂದರು. "ನೀವು ಕೂಡತಿದ್ದ ಜಾಗಾ ನಿಮಗ ಗೊತ್ತದ. ಓದಿದ ಮ್ಯಾಲೆ ಹರೀಬ್ಯಾಡ್ರಿ. ವಾಪಸ ತರ್ರಿ."

ಅಂಗಡಿಯಲ್ಲಿ ನಾನು ಆಡಿದ ಮಾತು ಇವರ ಕಿವಿಗೆ ಬಿದ್ದಿದೆ. ಇವರಿಗೆ ಎಂದಿನಿಂದ ಗೊತ್ತಿತ್ತು ಅಂತ ಕೇಳುವ ಧೈರ್ಯ ನನಗೆ ಆಗಲಿಲ್ಲ. ಐವತ್ತು ವರ್ಷ ನಾನು ಕಟ್ಟೆಯ ಮೇಲೆ ಯಾಕೆ ಉಳಿದೆ ಅಂತ ಮಾತ್ರ ತಿಳಿಯಿತು. ಕಾಗದ ಹಿಡಿದುಕೊಂಡು ಹೋದೆ.

ಹಜರತಅಲಿ ತೀರಿಕೊಂಡು ಬಹಳ ವರ್ಷವಾಯಿತು. ಅಂಗಡಿ ಈಗ ಬಿಲಾಲನದು, ಅವನಿಗೂ ತಲೆ ನೆರೆತಿದೆ. ಅಂದಿನ ಮಂದಿಯಲ್ಲಿ ಒಬ್ಬರೂ ಇರಲಿಲ್ಲ. ಬಸ್ಸಿಗೆ ಕಾಯುವ ಏಳೆಂಟು ಜನ ಖಾರಾ ತಿನ್ನುತ್ತಿದ್ದರು. ನಾನು ಮೂಲೆಯ ಬೆಂಚಿನ ಹತ್ತಿರ ನಿಂತು ಗಂಟಲು ಸರಿಮಾಡಿಕೊಂಡು ಓದಿದೆ. ಮೂರು ಸಾಲು ಓದುವಷ್ಟರಲ್ಲಿ ಎರಡು ಸಲ ನಿಲ್ಲಬೇಕಾಯಿತು. ತಿನ್ನುವವರು ತಲೆ ಎತ್ತಿ ನೋಡಿದರು. ಬಿಲಾಲ ಒಲೆಯ ಉರಿ ಸಣ್ಣ ಮಾಡಿ ಎದ್ದು ನಿಂತ.

"ಯಾರ ತೀರಿಕೊಂಡಿದ್ದು, ಕಾಕಾ?" ಅಂತ ಬೆಂಚಿನ ಮೇಲಿದ್ದ ಒಬ್ಬ ಕೇಳಿದ.

"ತಾರ್ ವೃಂದಾಬಾಯಿಯವರ ಅಪ್ಪ" ಅಂದೆ. "ಮುಂಬಯಿದಾಗ ಅದಾರ ಅಂತ ಇದ ಜಾಗಾದಾಗ ಕುಂತು ನಾ ಹೇಳಿದ್ದೆ. ಸುಳ್ಳ ಹೇಳಿದ್ದೆ."

ಅವನಿಗೆ ಏನೂ ತಿಳಿಯಲಿಲ್ಲ, ತಿನ್ನುವುದನ್ನು ಮುಂದುವರಿಸಿದ. ಬಿಲಾಲ ಮಾತ್ರ ನನ್ನ ಭುಜ ಹಿಡಿದು ಬಾಗಿಲತನಕ ಬಂದ. "ಅಬ್ಬಾನ ಮನಸ್ಸಿಗೆ ಅದು ಭಾಳ ಹತ್ತಿತ್ರಿ" ಅಂದ. "ಹಾನಗಲ್ಲಿನವರು ಎದ್ದು ಹೋದ ಮರುದಿನಾನ ಬಾಯಾರ ಮನಿಗೆ ಹೋಗಿ ಹೇಳಿ ಬಂದಿದ್ರು, ನನ್ನ ಅಂಗಡ್ಯಾಗ ಹಿಂಗಾತು, ಮಾಫ್ ಮಾಡ್ರಿ ಅಂತ."

ವಾಪಸು ಬಂದಾಗ ವೃಂದಾಬಾಯಿ ಬಾಗಿಲಲ್ಲಿ ನಿಂತಿದ್ದರು. ತಾರನ್ನು ತೆಗೆದುಕೊಂಡು ನಾಲ್ಕೂ ಮೂಲೆ ನೋಡಿದರು.

"ಹರದಿಲ್ಲಲಾ?"

"ಇಲ್ರಿ, ಬಾಯಾರ."

ಮಡಚಿ ತಗಡಿನ ಪೆಟ್ಟಿಗೆಯಲ್ಲಿ, ಕಂದು ಲಕೋಟೆಗಳ ಮೇಲೆ ಇಟ್ಟರು. ನಾನು ರೂಢಿಯಂತೆ ಕಟ್ಟೆಯ ಮೇಲೆ ಕೂರಲು ಹೋದೆ.

"ನಮ್ಮವ್ವನ ಹೆಸರಿಗೆ ನೀವು ತಂದ ಕಾಗದದಾಗ ಊರಿಗೆ ಹೇಳೂವಂಥಾದ್ದು ಇದೊಂದ ಇತ್ತು" ಅಂದರು ಅವರು. ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತರು. "ಬರ್ರಿ, ಒಳಗ ಬರ್ರಿ. ಚಹಾ ಆರ್ಲಿಕ್ಕತ್ತದ."

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.